ಕೆಳಗೊಂದು ಶಾಲೆ, ಮಹಡಿಯ ಮೇಲೊಂದು ಶಾಲೆ

ಅಮೆರಿಕದ ಟೆಕ್ಸಾಸ್ ರಾಜ್ಯದ ರಾಜಧಾನಿ ಆಸ್ಟಿನ್. ಊರಿನ ಈಶಾನ್ಯಕ್ಕೆ ಲೇಜಿ ಕ್ರೀಕ್ ಡ್ರೈವ್ ಎಂಬ ರಸ್ತೆಯಿದೆ. ಅಲ್ಲಿ 1974ರಲ್ಲಿ ತೆರೆದ ಸರ್ಕಾರಿ ಹೈಸ್ಕೂಲಿಗೆ ಅದೇ ರಾಜ್ಯದವರಾದ ಅಧ್ಯಕ್ಷ ಲಿಂಡನ್ ಬಿ. ಜಾನ್ಸನ್ ಅವರ ಹೆಸರಿಟ್ಟರು. ಊರವರ ಬಾಯಲ್ಲಿ ಅದು ಎಲ್‌ಬಿಜೆ. 2007ರಿಂದ 2021ರವರೆಗೆ, ಹದಿನಾಲ್ಕು ವರ್ಷ, ಈ ಒಂದೇ ಕಟ್ಟಡದಲ್ಲಿ ಎರಡು ಹೈಸ್ಕೂಲುಗಳು ನಡೆದವು. ಕೆಳಗಡೆ ಎಲ್‌ಬಿಜೆ. ಮಹಡಿಯ ಮೇಲೆ ‘ಲಿಬರಲ್ ಆರ್ಟ್ಸ್ ಅಂಡ್ ಸೈನ್ಸ್ ಅಕಾಡೆಮಿ’, ಅಂದರೆ ಲಾಸಾ. ಒಂದೇ ಆವರಣಕ್ಕೆ ಬರುವ ಮಕ್ಕಳು ಮೆಟ್ಟಿಲ ಬುಡದಲ್ಲಿ ಎರಡು ಪಾಲಾಗುತ್ತಿದ್ದರು. ಕೆಲವರು ಮೇಲೆ ಹತ್ತುತ್ತಿದ್ದರು, ಉಳಿದವರು ಕೆಳಗೇ ಉಳಿಯುತ್ತಿದ್ದರು.

ಒಂದೇ ಕಾಂಪೌಂಡಿನಲ್ಲಿ ಎರಡು ಶಾಲೆ ಎಂದರೆ ನಮಗೇನೂ ಹೊಸದಲ್ಲ. ಹೈಸ್ಕೂಲಿನ ಅಂಗಳದಲ್ಲೇ ಪಿಯು ಕಾಲೇಜು, ಪಕ್ಕದ ಸಾಲಿನಲ್ಲಿ ಪ್ರಾಥಮಿಕ ಶಾಲೆ, ಇಂಥವನ್ನು ನೋಡಿಯೇ ನಾವು ಬೆಳೆದಿದ್ದೇವೆ. ಆಸ್ಟಿನ್‌ನ ಕಥೆ ಬೇರೆ. ಎರಡೂ ಹೈಸ್ಕೂಲೇ. ಎರಡನ್ನೂ ನಡೆಸುವುದು ಊರಿನ ಒಂದೇ ಶಾಲಾ ಮಂಡಳಿ, ಎರಡಕ್ಕೂ ಫೀಸಿಲ್ಲ. ಕೆಳಗಿನದಕ್ಕೆ ಸುತ್ತಮುತ್ತಲ ಬಡಾವಣೆಯ ಮಕ್ಕಳು ಕೇಳಿದರೆ ಸಾಕು, ಸೀಟು ಉಂಟು. ಮೇಲಿನದಕ್ಕೆ ಇಡೀ ಊರಿನ ಮಕ್ಕಳು ಅರ್ಜಿ ಹಾಕಬೇಕು; ಅಂಕಪಟ್ಟಿ, ಪ್ರವೇಶ ಪರೀಕ್ಷೆ, ಬರೆದ ಪ್ರಬಂಧ ಎಲ್ಲ ನೋಡಿ ಆರಿಸುತ್ತಾರೆ. ನಮ್ಮ ನವೋದಯಕ್ಕೆ ಮಕ್ಕಳನ್ನು ಪರೀಕ್ಷೆ ಬರೆಸಿದ ತಂದೆ ತಾಯಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಇಂಥ ಆಯ್ಕೆಯ ಸರ್ಕಾರಿ ಶಾಲೆಗೆ ಅಲ್ಲಿ ‘ಮ್ಯಾಗ್ನೆಟ್ ಶಾಲೆ’ ಎನ್ನುತ್ತಾರೆ. ಅಯಸ್ಕಾಂತದಂತೆ ದೂರದ ಮಕ್ಕಳನ್ನು ಎಳೆದು ತರುವ ಶಾಲೆ. ಎಳೆಯುವುದು ಯಾಕೆ ಎಂಬುದರಲ್ಲಿ ಇದರ ಹುಟ್ಟು ಇದೆ. ಕಪ್ಪು ಮಕ್ಕಳಿಗೊಂದು, ಬಿಳಿಯ ಮಕ್ಕಳಿಗೊಂದು ಎಂದು ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು. ತೀರ್ಪು ಬಂದರೂ ಊರುಗಳು ಬದಲಾಗಲಿಲ್ಲ; ಕಪ್ಪು ಜನರ ಕೇರಿ ಬೇರೆ, ಬಿಳಿಯರ ಬಡಾವಣೆ ಬೇರೆ ಇದ್ದಮೇಲೆ ಶಾಲೆಗಳೂ ಹಾಗೇ ಉಳಿದವು. ಆಗ ಕೋರ್ಟುಗಳು ಮಕ್ಕಳನ್ನು ಬಸ್ಸಿನಲ್ಲಿ ಊರಿನ ಆ ಕಡೆಯಿಂದ ಈ ಕಡೆಗೆ ಸಾಗಿಸಿ ಬೆರೆಸಿ ಎಂದವು. ಗಲಾಟೆಗಳಾದವು, ಬಿಳಿಯ ಕುಟುಂಬಗಳು ಉಪನಗರಗಳಿಗೆ ಗಂಟುಮೂಟೆ ಕಟ್ಟಿದವು. ಒತ್ತಾಯ ಬೇಡ, ಆಸೆ ಹುಟ್ಟಿಸೋಣ ಎಂಬ ಯೋಚನೆ ಬಂದದ್ದು ಆ ಹೊತ್ತಿನಲ್ಲಿ. ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ 1968ರಲ್ಲಿ ಒಂದು ಪ್ರಾಥಮಿಕ ಶಾಲೆ, ಮರುವರ್ಷ ಬಾಸ್ಟನ್‌ನಲ್ಲಿ ಇನ್ನೊಂದು ಈ ದಾರಿ ಹಿಡಿದವು. ಕಪ್ಪು ಜನರ ಕೇರಿಯಲ್ಲಿರುವ ಶಾಲೆಗೇ ಅತ್ಯುತ್ತಮ ಪಾಠಕ್ರಮ ಕೊಡಿ, ಬಿಳಿಯರು ತಾವಾಗಿ ಮಕ್ಕಳನ್ನು ಕಳಿಸುತ್ತಾರೆ ಎಂಬುದು ಲೆಕ್ಕಾಚಾರ.

ಆಸ್ಟಿನ್‌ಗೆ ಈ ಔಷಧಿ ಬೇಕಾಗಿತ್ತು, ಯಾಕೆಂದರೆ ರೋಗವನ್ನು ಆ ಊರು ತಾನೇ ನಕ್ಷೆ ಹಾಕಿ ಬರಮಾಡಿಕೊಂಡಿತ್ತು. 1928ರ ನಗರ ಯೋಜನೆ ಕಪ್ಪು ಜನರಿಗೆ ಬೇಕಾದ ಶಾಲೆ, ಉದ್ಯಾನಗಳನ್ನೆಲ್ಲ ಪೂರ್ವ ಭಾಗದಲ್ಲಿ ಮಾತ್ರ ಕೊಡಿ ಎಂದು ಸಲಹೆ ಮಾಡಿತು. ಮಕ್ಕಳನ್ನು ಶಾಲೆಗೆ ಕಳಿಸಬೇಕಾದವರು ಪೂರ್ವಕ್ಕೇ ಹೋಗಬೇಕಾಯಿತು. ನಡುವಿನ ಈಸ್ಟ್ ಅವೆನ್ಯೂ 1962ರಲ್ಲಿ ಐ-35 ಹೆದ್ದಾರಿಯಾಯಿತು. ಗೆರೆ ಇದ್ದ ಕಡೆ ಗೋಡೆ ಎದ್ದಂತಾಯಿತು. ಪೂರ್ವ ಭಾಗದ ಹೆಮ್ಮೆಯಾಗಿದ್ದದ್ದು ಎಲ್. ಸಿ. ಆಂಡರ್ಸನ್ ಹೈಸ್ಕೂಲು. ಪ್ರತ್ಯೇಕತೆ ತೊಡೆಯಲೆಂದು ಬಂದ ಕೋರ್ಟ್ ಆದೇಶದಡಿ 1971ರಲ್ಲಿ ಮುಚ್ಚಿದ್ದು ಇದನ್ನೇ. ಜೊತೆಗೆ ಕೀಲಿಂಗ್ ಜೂನಿಯರ್ ಹೈಸ್ಕೂಲಿಗೂ ಬೀಗ ಬಿತ್ತು. ಅಲ್ಲಿಯ ಮಕ್ಕಳು ಬಸ್ಸು ಹತ್ತಿ ಊರಿನ ಇನ್ನೊಂದು ಕಡೆಗೆ ಹೋದರು. ಅನ್ಯಾಯ ಅನುಭವಿಸಿದವರೇ ಅದರ ಪರಿಹಾರದ ಬೆಲೆಯನ್ನೂ ತೆತ್ತರು. ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗ ಇದು. ತಾವು ಓದಿದ ಶಾಲೆ, ಅದರ ವಾದ್ಯಮೇಳ, ಮೇಷ್ಟ್ರುಗಳು ಎಲ್ಲವೂ ಒಂದೇ ಬೇಸಿಗೆಯಲ್ಲಿ ಇಲ್ಲವಾದದ್ದನ್ನು ಆ ಕೇರಿಯ ಹಿರಿಯರು ಮರೆತಿಲ್ಲ.

1985ರಲ್ಲಿ ಎಲ್‌ಬಿಜೆ ಹೈಸ್ಕೂಲಿನೊಳಗೆ ‘ಸೈನ್ಸ್ ಅಕಾಡೆಮಿ’ ಎಂಬ ಮ್ಯಾಗ್ನೆಟ್ ವಿಭಾಗ ಶುರುವಾಯಿತು. ಮರುವರ್ಷ ಕೀಲಿಂಗ್ ಮತ್ತೆ ಬಾಗಿಲು ತೆರೆಯಿತು, ಅದೂ ಮ್ಯಾಗ್ನೆಟ್ ವಿಭಾಗವನ್ನು ಮಡಿಲಲ್ಲಿಟ್ಟುಕೊಂಡೇ. ಸ್ವಲ್ಪ ಕಾಲದಲ್ಲೇ ಪೂರ್ವ ಆಸ್ಟಿನ್‌ನ ಜಾನ್‌ಸ್ಟನ್ ಹೈಸ್ಕೂಲಿನಲ್ಲಿ ‘ಲಿಬರಲ್ ಆರ್ಟ್ಸ್ ಅಕಾಡೆಮಿ’ ಬಂತು. 2002ರಲ್ಲಿ ಈ ಸಾಹಿತ್ಯ, ಇತಿಹಾಸದ ವಿಭಾಗವನ್ನು ಜಾನ್‌ಸ್ಟನ್‌ನಿಂದ ಎತ್ತಿ ಎಲ್‌ಬಿಜೆಯ ವಿಜ್ಞಾನದ ವಿಭಾಗಕ್ಕೆ ಸೇರಿಸಿದರು. ಲಾಸಾ ಹುಟ್ಟಿದ್ದು ಹೀಗೆ. ಅಲ್ಲಿಯವರೆಗೆ ಶಾಲೆ ಒಂದೇ, ಹೆಡ್‌ಮಾಸ್ತರರು ಒಬ್ಬರೇ, ವಿಭಾಗ ಮಾತ್ರ ಬೇರೆ. 2007ರಲ್ಲಿ ಲಾಸಾಕ್ಕೆ ಸ್ವತಂತ್ರ ಹೈಸ್ಕೂಲಿನ ಸ್ಥಾನ ಸಿಕ್ಕಿ ಅಲ್ಲಿಗೇ ಬೇರೆ ಪ್ರಿನ್ಸಿಪಾಲರು, ಬೇರೆ ಕಚೇರಿ ಬಂದವು.

ಈ ಒಡೆತವನ್ನು ಸುಮ್ಮನೆ ದೂರುವುದು ಸರಿಯಲ್ಲ. ಎರಡು ವಿಭಾಗಗಳ ಅಂಕ ಕೂಡಿಸಿ ಸರಾಸರಿ ತೆಗೆದರೆ ಶಾಲೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಬಣ್ಣದ ಲೆಕ್ಕ ತೆಗೆದರೂ ಅಷ್ಟೇ, ಎಲ್ಲರೂ ಬೆರೆತ ಶಾಲೆ ಎಂದು ವರದಿ ಬರೆಯಬಹುದು. ತರಗತಿಯ ಬಾಗಿಲು ತೆರೆದು ನೋಡಿದರೆ ಸತ್ಯ ಬೇರೆ: ಮ್ಯಾಗ್ನೆಟ್ ಕೋಣೆಗಳಲ್ಲಿ ಬಹುಪಾಲು ಬಿಳಿಯ ಮತ್ತು ಏಷ್ಯಾ ಮೂಲದ ಮಕ್ಕಳು, ಕೆಳಗಿನ ಕೋಣೆಗಳಲ್ಲಿ ಬಹುತೇಕ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು. ಕೆಳಗಿನವರ ಕಷ್ಟವನ್ನು ಮೇಲಿನವರ ಅಂಕ ಮುಚ್ಚಿಹಾಕುತ್ತಿತ್ತು. ಬೇರೆಯಾದಮೇಲೆ ಅದು ಎಲ್ಲರ ಕಣ್ಣಿಗೂ ಬಿತ್ತು. ಇನ್ನೊಂದು ಲಾಭವೂ ಇತ್ತು. ಪ್ರತಿ ಹೈಸ್ಕೂಲಿನ ತರಗತಿಯಲ್ಲಿ ಮೊದಲ ಶೇ 10ರೊಳಗೆ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೀಟು ಖಾತ್ರಿ ಎಂದು ಟೆಕ್ಸಾಸ್ 1997ರಲ್ಲಿ ಕಾನೂನು ಮಾಡಿತ್ತು. ಆಸ್ಟಿನ್‌ನ ವಿಶ್ವವಿದ್ಯಾಲಯ ಮುಂದೆ ಈ ಮಿತಿಯನ್ನು ಬಿಗಿ ಮಾಡಿತು, ಆದರೆ ತತ್ವ ಉಳಿದಿದೆ. ಶಾಲೆ ಬೇರೆ ಎಂದಮೇಲೆ ರ‍್ಯಾಂಕ್ ಪಟ್ಟಿಯೂ ಬೇರೆ. ಎಲ್‌ಬಿಜೆ ಮಕ್ಕಳಿಗೆ ತಮ್ಮದೇ ಪಟ್ಟಿ ಇತ್ತು.

ಲಾಭ ಎಷ್ಟೇ ಇರಲಿ, ಮನಸ್ಸಿನ ಮೇಲೆ ಬೀಳುವ ಬರೆಗೆ ಯಾವ ಪಟ್ಟಿಯೂ ಮದ್ದಲ್ಲ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಒಂಬತ್ತನೇ ತರಗತಿಗೆ ಮೊದಲ ದಿನ ಬರುತ್ತಾಳೆ ಎಂದಿಟ್ಟುಕೊಳ್ಳಿ. ಅವಳ ಮನೆ ಎರಡು ಬೀದಿ ಆಚೆ, ನಡೆದೇ ಬಂದಿದ್ದಾಳೆ. ಊರಿನ ಇನ್ನೊಂದು ತುದಿಯಿಂದ ಬಂದ ಬಸ್ಸು ನಿಲ್ಲುತ್ತದೆ, ಅದರಿಂದ ಇಳಿದವರು ಅವಳನ್ನು ದಾಟಿ ಮಹಡಿ ಹತ್ತುತ್ತಾರೆ. ಅಲ್ಲಿ ‘ಗ್ರೇಟ್ ಐಡಿಯಾಸ್’, ‘ಪ್ಲಾನೆಟ್ ಅರ್ಥ್’ ಎಂಬ ವಿಶೇಷ ಪಾಠಗಳಿವೆ, ಗೆದ್ದು ಬರುವ ಕ್ವಿಜ್ ತಂಡವಿದೆ. ಅದೇ ಸೂರು, ಅದೇ ಸರ್ಕಾರದ ಹಣ, ಅವಳದೇ ಬೀದಿ. ಯಾರೂ ಅವಳಿಗೆ ಕೆಟ್ಟ ಮಾತಾಡಿಲ್ಲ. ಆದರೂ ಆ ಮೆಟ್ಟಿಲು ದಿನಾ ಬೆಳಿಗ್ಗೆ ಅವಳಿಗೆ ಒಂದು ಮಾತು ಹೇಳುತ್ತಿರುತ್ತದೆ.

ಇಬ್ಬರನ್ನೂ ಕೂಡಿಸುತ್ತಿದ್ದ ಜಾಗ ಒಂದಿತ್ತು, ಅದು ಮೈದಾನ. ಟೆಕ್ಸಾಸ್‌ನಲ್ಲಿ ಹೈಸ್ಕೂಲ್ ಫುಟ್‌ಬಾಲ್ ಎಂದರೆ ಊರ ಹಬ್ಬ. ಶುಕ್ರವಾರ ಸಂಜೆಯಾದರೆ ದೀಪದ ಕಂಬಗಳ ಕೆಳಗೆ ಅಜ್ಜಂದಿರಿಂದ ಹಿಡಿದು ಕೂಸುಗಳವರೆಗೆ ಸೇರುತ್ತಾರೆ. ಲಾಸಾ ಮತ್ತು ಎಲ್‌ಬಿಜೆ ಬಹುಕಾಲ ಒಂದೇ ತಂಡವಾಗಿ ಆಡಿದವು, ಜಾಗ್ವಾರ್ಸ್ ಎಂಬ ಹೆಸರಿನಲ್ಲಿ, ನೇರಳೆ ಅಂಗಿ ತೊಟ್ಟು. ಇದನ್ನು ಸಣ್ಣದೆನ್ನಬೇಡಿ. ಒಬ್ಬ ಎಸೆದ ಚೆಂಡನ್ನು ಇನ್ನೊಬ್ಬ ಹಿಡಿಯಲೇಬೇಕಾದ ಕಡೆ ಹುಡುಗರು ಒಬ್ಬರ ಹೆಸರು ಒಬ್ಬರು ಕಲಿಯುತ್ತಾರೆ. ತರಗತಿಯಲ್ಲೂ ಇಂಥ ನೆಪಗಳನ್ನು ಸೃಷ್ಟಿಸಬಹುದಿತ್ತು. ಒಂದು ಇತಿಹಾಸದ ಪಾಠ, ಒಂದು ಪ್ರಯೋಗಶಾಲೆ, ವಾರಕ್ಕೆರಡು ಗಂಟೆ ಕೂಡಿ ಕಲಿತಿದ್ದರೂ ಮ್ಯಾಗ್ನೆಟ್ ಎಂಬ ಹೆಸರಿಗೆ ಅರ್ಥ ಬರುತ್ತಿತ್ತು ಎಂದೇ ನನ್ನ ನಂಬಿಕೆ.

ಜಾನ್ಸನ್ ಹೆಸರಿನ ಶಾಲೆಯಲ್ಲಿ ಹೀಗಾದದ್ದು ಮನಸ್ಸಿಗೆ ಹೆಚ್ಚು ತಾಗುತ್ತದೆ. ಅವರು ಅಧ್ಯಕ್ಷರಾಗುವ ಎಷ್ಟೋ ಮೊದಲು, 1928ರಲ್ಲಿ, ಕೊಟುಲ್ಲಾ ಎಂಬ ಸಣ್ಣ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡಮಕ್ಕಳಿಗೆ ಮೇಷ್ಟ್ರಾಗಿದ್ದವರು. 1965ರ ಏಪ್ರಿಲ್ 11ರಂದು, ಬಡಮಕ್ಕಳ ಶಾಲೆಗಳಿಗೆ ಕೇಂದ್ರದ ಹಣ ಹರಿಸುವ ಕಾಯ್ದೆಗೆ ಸಹಿ ಹಾಕಲು ಅವರು ಆರಿಸಿಕೊಂಡದ್ದು ತಾವೇ ಬಾಲ್ಯದಲ್ಲಿ ಕಲಿತ ಒಂದೇ ಕೋಣೆಯ ಶಾಲೆಯ ಅಂಗಳವನ್ನು. ಪಕ್ಕದಲ್ಲಿ ಅವರ ಮೊದಲ ಗುರು ಕೇಟ್ ಡೆಡ್ರಿಕ್ ಲೋನಿ ಕೂತಿದ್ದರು. ದೊಡ್ಡವನು, ಚಿಕ್ಕವನು ಎಲ್ಲ ಒಂದೇ ಕೋಣೆಯಲ್ಲಿ ಕಲಿತ ಶಾಲೆ ಅದು.

ಆಸ್ಟಿನ್‌ನಲ್ಲಿ ಕನ್ನಡದವರು ಕಡಿಮೆಯಿಲ್ಲ. ಡೆಲ್ ಕಂಪ್ಯೂಟರ್ ಹುಟ್ಟಿದ ಊರು ಅದು, ಬೆಂಗಳೂರಿನ ಎಂಜಿನಿಯರುಗಳು ಸಂಸಾರ ಹೂಡಿ ದಶಕಗಳಾದವು. ಮಗು ಆರನೇ ತರಗತಿಗೆ ಬರುವ ಹೊತ್ತಿಗೆ ಕೀಲಿಂಗ್, ಆಮೇಲೆ ಲಾಸಾ ಎಂದು ದಾರಿ ಹಾಕುವ ಅಪ್ಪ ಅಮ್ಮಂದಿರನ್ನು ತಪ್ಪೆನ್ನಲಾರೆ. ಒಳ್ಳೆಯ ಶಾಲೆ ಬಯಸುವುದು ತಪ್ಪಾಗುವುದು ಹೇಗೆ? ಮೆಟ್ಟಿಲ ಕೆಳಗಿನ ಶಾಲೆಯ ಕಥೆಯೂ ಮಕ್ಕಳಿಗೆ ಗೊತ್ತಿರಲಿ ಎನ್ನುವುದಷ್ಟೇ ನನ್ನ ಮಾತು.

2021ರಲ್ಲಿ ಲಾಸಾ ಆ ಕಟ್ಟಡ ಬಿಟ್ಟಿತು. ಹೋದದ್ದು ಹಳೆಯ ಜಾನ್‌ಸ್ಟನ್ ಹೈಸ್ಕೂಲಿನ ಆವರಣಕ್ಕೆ. ತನ್ನ ಅರ್ಧ ಭಾಗ ಹುಟ್ಟಿದ ಜಾಗಕ್ಕೇ. ಲಿಬರಲ್ ಆರ್ಟ್ಸ್ ಅಕಾಡೆಮಿಯನ್ನು ಕಳೆದುಕೊಂಡ ಆರು ವರ್ಷಕ್ಕೆ, 2008ರಲ್ಲಿ, ಫಲಿತಾಂಶ ಕಳಪೆ ಎಂದು ರಾಜ್ಯವೇ ಜಾನ್‌ಸ್ಟನ್ ಶಾಲೆಯನ್ನು ಮುಚ್ಚಿಸಿತ್ತು. ಅದೇ ಆವರಣದಲ್ಲಿ ‘ಈಸ್ಟ್‌ಸೈಡ್’ ಎಂಬ ಹೆಸರಿನಲ್ಲಿ ಶಾಲೆ ಮತ್ತೆ ಎದ್ದಿತು. ಲಾಸಾಕ್ಕೆ ಜಾಗ ಬಿಟ್ಟುಕೊಟ್ಟು ಈಸ್ಟ್‌ಸೈಡ್ ಹೋದದ್ದು ಎಲ್ಲಿಗೆಂದರೆ, 1971ರಲ್ಲಿ ಬೀಗ ಬಿದ್ದ ಆ ಹಳೆಯ ಆಂಡರ್ಸನ್ ಹೈಸ್ಕೂಲಿನ ನೆಲಕ್ಕೆ. 2017ರಲ್ಲಿ ಮತದಾರರು ಒಪ್ಪಿದ 105 ಕೋಟಿ ಡಾಲರಿನ ಬಾಂಡ್ ಹಣದಲ್ಲಿ ಅಲ್ಲಿ ಹೊಸ ಕಟ್ಟಡ ಎದ್ದಿದೆ, ಹಳೆಯ ಶಾಲೆಯ ಮುಂಭಾಗವನ್ನು ಉಳಿಸಿಕೊಂಡೇ.

ಎಲ್‌ಬಿಜೆ ಈಗ ಎರಡೂ ಅಂತಸ್ತಿಗೆ ಒಡೆಯ. ಹೈಸ್ಕೂಲು ಮುಗಿಸುವಾಗಲೇ ಆಸ್ಟಿನ್ ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಪದವಿಯನ್ನೂ ಉಚಿತವಾಗಿ ಪಡೆಯುವ ದಾರಿ ಅಲ್ಲಿದೆ. ಮಹಡಿ ಖಾಲಿಯಾದ ವರ್ಷವೇ, 2021ರ ಡಿಸೆಂಬರಿನಲ್ಲಿ, ಅದರ ಫುಟ್‌ಬಾಲ್ ತಂಡ ರಾಜ್ಯದ ಫೈನಲ್ ಆಡಿತು. ಗೆಲ್ಲಲಿಲ್ಲ.