ಒಂಬತ್ತು ಜನರ ಹೆಗಲ ಮೇಲೆ ಒಂದು ಜೀವ

ಒಬ್ಬ ಮನುಷ್ಯನ ತಪ್ಪು ಒಪ್ಪುಗಳನ್ನು ಇನ್ನೊಬ್ಬ ಮನುಷ್ಯನು ತೂಗಿ ನೋಡುವುದು ಲೋಕದಲ್ಲಿ ಅತ್ಯಂತ ಕಠಿಣವಾದ ಕಾರ್ಯಗಳಲ್ಲೊಂದು. ಜೋಳವನ್ನು ತೂಗುವವನಿಗೆ ತಕ್ಕಡಿಯಿದೆ, ಬಟ್ಟೆಯನ್ನು ಅಳೆಯುವವನಿಗೆ ಗಜಕಡ್ಡಿಯಿದೆ. ಕೊಲೆಯ ಆಪಾದನೆಯನ್ನು ಹೊತ್ತು ಕಟಕಟೆಯಲ್ಲಿ ನಿಂತವನನ್ನು ತೂಗುವುದಕ್ಕೆ ಇರುವುದು ಕಾಯಿದೆಯ ಕೆಲವು ವಾಕ್ಯಗಳು, ಸಾಕ್ಷಿಗಳ ನಾಲಗೆ ಮತ್ತು ತೂಗುವವನ ಅಂತಃಕರಣ, ಇಷ್ಟೆ. ಕಾಯಿದೆಯನ್ನೇ ಜೀವನದ ವಿದ್ಯೆಯಾಗಿ ಮಾಡಿಕೊಂಡ ನ್ಯಾಯಾಧೀಶರಿಗೂ ಇದು ಭಾರವೇ. ಹೀಗಿರುವಾಗ ನಿನ್ನೆಯವರೆಗೆ ಅಂಗಡಿಯ ಲೆಕ್ಕ ಬರೆಯುತ್ತಿದ್ದವರನ್ನೋ ಕಚೇರಿಯಲ್ಲಿ ಕಾಗದ ನೋಡುತ್ತಿದ್ದವರನ್ನೋ ಕರೆತಂದು, "ಈತನು ಕೊಲೆ ಮಾಡಿದನೋ ಇಲ್ಲವೋ ಹೇಳಿರಿ" ಎಂದು ಕೇಳಿದರೆ ಅವರ ಮನಸ್ಸಿನ ಸ್ಥಿತಿ ಹೇಗಿರಬೇಡ?

ಅಂಥ ಪದ್ಧತಿಯೊಂದು ನಮ್ಮ ದೇಶದಲ್ಲಿಯೂ ಇತ್ತು. ಅದಕ್ಕೆ ಜ್ಯೂರಿ ಪದ್ಧತಿ ಎಂದು ಹೆಸರು. ನಮ್ಮ ಮನೆಗಳ ಹಿರಿಯರಿಗೆ ಈ ಮಾತು ಪರಿಚಿತ; ಶಾಲೆ ಕಾಲೇಜುಗಳಲ್ಲಿ ಓದುವ ಮಕ್ಕಳಿಗೆ ಹೊಸದಾಗಿ ಕೇಳಿಸೀತು. ಅವರ ಸಲುವಾಗಿ ಸ್ವಲ್ಪ ವಿವರಿಸಿ ಮುಂದೆ ಹೋಗೋಣ.

ಜ್ಯೂರಿ ಎಂದರೇನು?

ಆಂಗ್ಲರ ಆಳಿಕೆಯಲ್ಲಿ ರಚಿತವಾದ 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನಂತೆ, ಸರಕಾರವು ಗೊತ್ತುಪಡಿಸಿದ ಕಡೆಗಳಲ್ಲಿ ಸೆಷನ್ಸ್ ನ್ಯಾಯಾಲಯದ ಮೊಕದ್ದಮೆಗಳು ಜ್ಯೂರಿಯ ಮುಂದೆ ನಡೆಯುತ್ತಿದ್ದವು. ಜ್ಯೂರಿಯವರ ಸಂಖ್ಯೆ ಬೆಸವಾಗಿರಬೇಕು, ಒಂಬತ್ತನ್ನು ಮೀರಕೂಡದು. 21ರಿಂದ 60 ವರ್ಷದೊಳಗಿನ ಸಾಮಾನ್ಯ ನಾಗರಿಕರ ಪಟ್ಟಿಯಿಂದ ಅವರನ್ನು ಆರಿಸುತ್ತಿದ್ದರು. ಕರೆ ಬಂದ ಮೇಲೆ ಸಕಾರಣವಿಲ್ಲದೆ ತಪ್ಪಿಸಿಕೊಂಡರೆ ದಂಡ. ನಡೆದದ್ದೇನು ಎಂಬುದನ್ನು ನಿರ್ಣಯಿಸುವ ಕೆಲಸ ಜ್ಯೂರಿಯದು; ಕಾಯಿದೆ ಏನೆಂದು ತಿಳಿಸಿ, ತಪ್ಪು ಸಿದ್ಧವಾದರೆ ಶಿಕ್ಷೆ ವಿಧಿಸುವ ಕೆಲಸ ನ್ಯಾಯಾಧೀಶರದು.

ಕೇಳುವುದಕ್ಕೆ ಇದು ನಮ್ಮ ಊರ ಕಟ್ಟೆಯ ಪಂಚಾಯಿತಿಯಂತೆಯೇ ತೋರುತ್ತದೆ. ಆದರೆ ಒಂದು ದೊಡ್ಡ ಭೇದವಿದೆ. ಊರ ಪಂಚರಿಗೆ ವಾದಿ ಪ್ರತಿವಾದಿಗಳಿಬ್ಬರ ಅಜ್ಜ ಮುತ್ತಜ್ಜರ ಕಥೆಯೂ ಗೊತ್ತಿರುತ್ತದೆ. ಜ್ಯೂರಿಯವರಾದರೋ ನ್ಯಾಯಾಲಯದಲ್ಲಿ ಕಂಡು ಕೇಳಿದ್ದನ್ನು ಬಿಟ್ಟು ಬೇರೇನನ್ನೂ ಮನಸ್ಸಿಗೆ ತಂದುಕೊಳ್ಳಬಾರದು. ತಿಳಿದದ್ದನ್ನು ಮರೆತು, ಕೇಳಿದ್ದನ್ನು ಕಿವಿಯ ಹೊರಗೇ ಇಟ್ಟು ಕುಳಿತುಕೊಳ್ಳುವುದು ಸಾಧಾರಣ ತಪಸ್ಸಲ್ಲ.

ಮುಂಬಯಿಯ ಆ ಮೊಕದ್ದಮೆ

ಈ ತಪಸ್ಸು ಎಷ್ಟು ಕಠಿಣವೆಂಬುದಕ್ಕೆ 1959ರ ನಾನಾವತಿ ಮೊಕದ್ದಮೆಗಿಂತ ಉತ್ತಮ ನಿದರ್ಶನ ನಮ್ಮ ದೇಶದಲ್ಲಿ ಸಿಗಲಾರದು. ಆಗಿನ್ನೂ ಮಹಾರಾಷ್ಟ್ರ ರಾಜ್ಯವು ಹುಟ್ಟಿರಲಿಲ್ಲ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳೆಲ್ಲ ದ್ವಿಭಾಷಾ ಮುಂಬಯಿ ರಾಜ್ಯದಲ್ಲಿದ್ದವು. ಹೀಗಾಗಿ ಇದು ಅಂದಿನ ನಮ್ಮದೇ ರಾಜಧಾನಿಯಲ್ಲಿ ನಡೆದ ಸಂಗತಿ. ಆರೋಪಿಯಾದ ಕಮಾಂಡರ್ ಕಾವಸ್ ನಾನಾವತಿಯವರು ನೌಕಾಪಡೆಯ ಅಧಿಕಾರಿ. ಅವರು ಎರಡನೆಯ ಅಧಿಕಾರಿಯಾಗಿದ್ದ ಯುದ್ಧನೌಕೆಯ ಹೆಸರು 'ಮೈಸೂರು'.

1959ರ ಏಪ್ರಿಲ್ 27ರಂದು ತಮ್ಮ ಪತ್ನಿಯು ಪ್ರೇಮ್ ಅಹುಜಾ ಎಂಬ ಉದ್ಯಮಿಯಲ್ಲಿ ಅನುರಕ್ತಳಾಗಿರುವುದನ್ನು ಆಕೆಯ ಬಾಯಿಂದಲೇ ನಾನಾವತಿಯವರು ಕೇಳಿದರು. ಪತ್ನಿಯನ್ನೂ ಮಕ್ಕಳನ್ನೂ ಸಿನೇಮಾ ಮಂದಿರಕ್ಕೆ ಬಿಟ್ಟರು. ನೌಕೆಗೆ ಹೋಗಿ ಬೇರೊಂದು ಕಾರಣ ಹೇಳಿ ರಿವಾಲ್ವರನ್ನೂ ಆರು ಗುಂಡುಗಳನ್ನೂ ಪಡೆದರು. ಅಹುಜಾನ ಕಚೇರಿಗೆ ಹೋಗಿ, ಅಲ್ಲಿ ಅವನಿಲ್ಲದಿರಲು ಮನೆಗೆ ಹೋದರು. ಅವನ ಮಲಗುವ ಕೋಣೆಯಲ್ಲಿ ಮೂರು ಗುಂಡುಗಳು ಹಾರಿದವು, ಅಹುಜಾ ಸತ್ತನು. ನಾನಾವತಿಯವರು ತಾವಾಗಿಯೇ ಪೋಲೀಸರಿಗೆ ಶರಣಾದರು. ಬಾಗಿಲು ಮುಚ್ಚಿದ ಆ ಕೋಣೆಯಲ್ಲಿ ನಡೆದದ್ದೇನು? ಬೇಕೆಂದೇ ಕೊಂದರೆಂದು ಸರಕಾರಿ ಪಕ್ಷ. ಜಗ್ಗಾಟದಲ್ಲಿ ಆಕಸ್ಮಿಕವಾಗಿ ಗುಂಡು ಹಾರಿತೆಂದು ಆರೋಪಿಯ ಪಕ್ಷ. ಅಹುಜಾ ಆಗಷ್ಟೇ ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡಿದ್ದನು. ಜಗ್ಗಾಟ ನಡೆದಿದ್ದರೆ ಸತ್ತವನ ಸೊಂಟದ ಮೇಲೆ ಅದು ಉಳಿಯುತ್ತಿತ್ತೇ ಎಂಬುದು ಸರಕಾರಿ ಪಕ್ಷದ ದೊಡ್ಡ ಪ್ರಶ್ನೆಯಾಯಿತು.

ಇದನ್ನು ನಿರ್ಣಯಿಸಲು ಸೆಷನ್ಸ್ ನ್ಯಾಯಾಧೀಶ ಮೆಹತಾ ಅವರ ಮುಂದೆ ಒಂಬತ್ತು ಜನ ಜ್ಯೂರಿಯವರು ಕುಳಿತರು. ಆದರೆ ಮೊಕದ್ದಮೆಯು ನ್ಯಾಯಾಲಯದ ಗೋಡೆಗಳೊಳಗೆ ಮಾತ್ರ ನಡೆಯಲಿಲ್ಲ. ಕರಂಜಿಯಾ ಅವರ 'ಬ್ಲಿಟ್ಜ್' ವಾರಪತ್ರಿಕೆಯು ಕಮಾಂಡರರನ್ನು ಮನೆತನದ ಮಾನ ಕಾಯ್ದ ವೀರನೆಂದು ವಾರವಾರವೂ ಚಿತ್ರಿಸಿತು. ನಾಲ್ಕಾಣೆಯ ಪತ್ರಿಕೆಯು ಎರಡು ರೂಪಾಯಿಗೆ ಮಾರಿತೆಂದು ಹೇಳುತ್ತಾರೆ. ಬೀದಿಯ ವ್ಯಾಪಾರಿಗಳು ಆಟಿಕೆಯ ರಿವಾಲ್ವರುಗಳನ್ನು ನಾನಾವತಿಯ ಹೆಸರಿನಲ್ಲಿಯೂ ಟವೆಲ್ಲುಗಳನ್ನು ಅಹುಜಾನ ಹೆಸರಿನಲ್ಲಿಯೂ ಮಾರಿದರಂತೆ. ಶುಭ್ರವಾದ ನೌಕಾಪಡೆಯ ಉಡುಪಿನಲ್ಲಿ ಆರೋಪಿಯು ನ್ಯಾಯಾಲಯಕ್ಕೆ ಬಂದಾಗ ನೋಡಲು ಜನಸಾಗರವೇ ನೆರೆಯುತ್ತಿತ್ತು.

ಆ ಒಂಬತ್ತು ಜನರೂ ಇದೇ ನಗರದ ನಿವಾಸಿಗಳೆಂಬುದನ್ನು ಓದುಗರು ಒಂದು ಕ್ಷಣ ಯೋಚಿಸಬೇಕು. ಅವರಿಗೂ ಮನೆಯಿತ್ತು, ನೆರೆಯವರಿದ್ದರು, ಬಂಧುಬಳಗವಿತ್ತು. ಇಡೀ ಊರು ಒಂದು ಕಡೆ ವಾಲಿದಾಗ ತಕ್ಕಡಿಯನ್ನು ಹಿಡಿದ ಕೈ ನಡುಗದಿರುವುದು ಹೇಗೆ?

ಎಂಟು ಮತ್ತು ಒಂದು

1959ರ ಅಕ್ಟೋಬರ್ 21ರಂದು ಜ್ಯೂರಿಯು ತನ್ನ ತೀರ್ಮಾನವನ್ನು ತಿಳಿಸಿತು. ಆರೋಪಿಯು ತಪ್ಪಿತಸ್ಥನಲ್ಲವೆಂದು ಎಂಟು ಜನ, ತಪ್ಪಿತಸ್ಥನೆಂದು ಒಬ್ಬರು. ಈ ಒಬ್ಬರನ್ನು ನೆನೆದಾಗಲೆಲ್ಲ ನಮಗೆ ಗೌರವವುಂಟಾಗುತ್ತದೆ. ಎಂಟು ಜನ ಜೊತೆಗಾರರು ಒಂದು ಮಾತು ಹೇಳುತ್ತಿರುವಾಗ, ಹೊರಗೆ ಸಾವಿರಾರು ಜನರು ಅದೇ ಮಾತಿಗಾಗಿ ಕಾದಿರುವಾಗ, "ನನಗೆ ಹಾಗೆ ತೋರುವುದಿಲ್ಲ" ಎಂದು ಹೇಳಿ ಮನೆಗೆ ನಡೆದುಹೋಗುವುದಕ್ಕೆ ಎಷ್ಟು ಎದೆಗಾರಿಕೆ ಬೇಕು!

ನ್ಯಾಯಾಧೀಶರು ಬಹುಮತವನ್ನು ಒಪ್ಪಲಿಲ್ಲ. ಸಾಕ್ಷ್ಯವನ್ನು ನೋಡಿದ ವಿವೇಕಿಗಳಾದ ಯಾರೂ ಇಂಥ ತೀರ್ಮಾನಕ್ಕೆ ಬರಲಾರರೆಂಬ ಅಭಿಪ್ರಾಯದಿಂದ, ತಮಗಿದ್ದ ಅಧಿಕಾರದಂತೆ ಮೊಕದ್ದಮೆಯನ್ನು ಮುಂಬಯಿ ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟು 1960ರ ಮಾರ್ಚ್ 11ರಂದು ಕೊಲೆಯ ಅಪರಾಧ ಸಿದ್ಧವಾಯಿತೆಂದು ಜೀವಾವಧಿ ಶಿಕ್ಷೆ ವಿಧಿಸಿತು. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪತ್ನಿಯ ಮಾತು ಕೇಳಿದ ಹೊತ್ತಿಗೂ ಗುಂಡು ಹಾರಿದ ಹೊತ್ತಿಗೂ ನಡುವೆ ಸುಮಾರು ಮೂರು ತಾಸುಗಳಿದ್ದವು. ಮನಸ್ಸನ್ನು ಹಿಡಿತಕ್ಕೆ ತಂದುಕೊಳ್ಳಲು ಅಷ್ಟು ಕಾಲ ಸಾಕೆಂಬುದು ಶ್ರೇಷ್ಠ ನ್ಯಾಯಾಲಯದ ಮತ. ಕೊನೆಗೆ 1964ರಲ್ಲಿ ರಾಜ್ಯಪಾಲರಾದ ಶ್ರೀಮತಿ ವಿಜಯಲಕ್ಷ್ಮಿ ಪಂಡಿತರು ಕ್ಷಮಾದಾನವಿತ್ತರು.

ಇಲ್ಲಿಗೆ ಕಥೆಯನ್ನು ಮುಗಿಸುವವರು ಎಂಟು ಜನರನ್ನು ಮೂಢರೆಂದು ಜರೆದು ಸುಮ್ಮನಾಗುತ್ತಾರೆ. ನಮ್ಮ ಮನಸ್ಸು ಹಾಗೆ ಒಪ್ಪುವುದಿಲ್ಲ. ಆ ಎಂಟು ಜನರ ಮುಂದಿದ್ದ ಪ್ರಶ್ನೆಗಳು ಎಷ್ಟು ಸೂಕ್ಷ್ಮವಾದವು! ಅಪರಾಧವನ್ನು ಸಿದ್ಧಪಡಿಸುವ ಹೊಣೆ ಸರಕಾರಿ ಪಕ್ಷದ್ದು. ಆದರೆ ಅದು ಆಕಸ್ಮಿಕವೆಂದು ಹೇಳುವವನು ಆ ಸಂದರ್ಭವನ್ನು ತಾನೇ ತೋರಿಸಬೇಕು. ಹಠಾತ್ತಾದ ಕೆರಳಿಕೆ ಬೇರೆ, ಕಾದು ಕುದಿದ ಕೋಪ ಬೇರೆ. ವಕೀಲರೇ ದಿನಗಟ್ಟಲೆ ವಾದಿಸುವ ಈ ಭೇದಗಳನ್ನು ಅವರು ನ್ಯಾಯಾಧೀಶರ ಬಾಯಿಂದ ಕೇಳಿ ಗ್ರಹಿಸಬೇಕಾಗಿತ್ತು. ಮುಂದೆ ಹೈಕೋರ್ಟು ಪರಿಶೀಲಿಸಿದಾಗ, ಜ್ಯೂರಿಗೆ ಕೊಟ್ಟ ಆ ವಿವರಣೆಯಲ್ಲಿಯೇ ಲೋಪಗಳಿದ್ದವೆಂದು ಕಂಡುಬಂದಿತು.

ಕಲಿಸುವ ವೃತ್ತಿಯಲ್ಲಿ ತಲೆ ನರೆತ ನಮಗೆ ಇದರ ಅರ್ಥ ಬೇಗ ಆಗುತ್ತದೆ. ಹಲಗೆಯ ಮೇಲೆ ಸೂತ್ರವನ್ನೇ ಅಸ್ಪಷ್ಟವಾಗಿ ಬರೆದು, ತರಗತಿಯಲ್ಲಿ ಎಂಟು ಮಕ್ಕಳ ಲೆಕ್ಕ ತಪ್ಪಾದಾಗ ಮಕ್ಕಳನ್ನಷ್ಟೇ ಬೆಂಚಿನ ಮೇಲೆ ನಿಲ್ಲಿಸುವುದು ನ್ಯಾಯವೆ? ಆ ಎಂಟು ಜನರು ಕೂಲಿಗಾಗಿ ಬಂದವರಲ್ಲ, ಕೇಳಿಕೊಂಡು ಬಂದವರೂ ಅಲ್ಲ. ಕರೆದರು, ಬಂದರು, ತಿಳಿದಷ್ಟು ಹೇಳಿದರು. ಅವರ ಮಾತನ್ನು ತಳ್ಳಿಹಾಕಿದ ಸುದ್ದಿಯನ್ನು ದೇಶವೆಲ್ಲ ಓದಿತು.

ಈ ಮೊಕದ್ದಮೆಯೇ ಭಾರತದ ಕೊನೆಯ ಜ್ಯೂರಿ ವಿಚಾರಣೆಯೆಂದು ಅನೇಕರು ಬರೆಯುವುದುಂಟು. ಅದು ಸರಿಯಲ್ಲ. ಇದಕ್ಕೂ ಮೊದಲೇ, 1958ರಲ್ಲಿ, ಕಾಯಿದೆ ಆಯೋಗವು ಜ್ಯೂರಿಯನ್ನು ರದ್ದುಪಡಿಸಲು ಶಿಫಾರಸು ಮಾಡಿತ್ತು. ಆದರೂ ಕೆಲವೆಡೆ ಪದ್ಧತಿಯು ಮುಂದುವರಿಯಿತು. 1974ರ ಏಪ್ರಿಲ್ 1ರಂದು ಹೊಸ ಕೋಡು ಜಾರಿಗೆ ಬಂದಾಗ ಅದು ಕೊನೆಗೊಂಡಿತು.

ಬಂಗಾರದ ಪಂಜರ

ಹೊರಗಿನ ಗಾಳಿ ತಾಗದಂತೆ ಜ್ಯೂರಿಯವರನ್ನು ಬೇರೆಯಾಗಿ ಇರಿಸಿದರೆ ಆಗದೆ ಎಂದು ಕೇಳಬಹುದು. ಅಮೆರಿಕೆಯಲ್ಲಿ ಹಾಗೆ ಮಾಡಿ ನೋಡಿದ್ದಾರೆ. ಪ್ರಸಿದ್ಧ ಕಾಲ್ಚೆಂಡು ಆಟಗಾರನಾಗಿದ್ದ ಓ. ಜೆ. ಸಿಂಪ್ಸನ್ ಎಂಬಾತನ ಮೇಲೆ ಎರಡು ಕೊಲೆಗಳ ಆಪಾದನೆಯ ವಿಚಾರಣೆಯು 1995ರಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆಯಿತು. ಜ್ಯೂರಿಯವರನ್ನು ಜನವರಿಯಿಂದ ಅಕ್ಟೋಬರದವರೆಗೆ, ಎಂಟು ತಿಂಗಳಿಗೂ ಮಿಕ್ಕಿ, ಹೋಟೆಲಿನಲ್ಲಿ ಕಾವಲಿನೊಳಗೆ ಇರಿಸಿದರು. ಪತ್ರಿಕೆಯಲ್ಲಿ ಮೊಕದ್ದಮೆಯ ಸುದ್ದಿಯನ್ನು ಕತ್ತರಿಸಿ ಕೊಡುವರು. ಫೋನಿನ ಮೇಲೆ ನಿಗಾ. ಮನೆಯವರನ್ನು ಕಾಣಲು ಗೊತ್ತಾದ ಸಮಯ. ದಿನಕ್ಕೆ ಸಿಗುತ್ತಿದ್ದ ಭತ್ಯೆ ಐದು ಡಾಲರು! ನಡುವೆ ಹತ್ತು ಜನರನ್ನು ಬಿಡಿಸಿ ಮೀಸಲಿನವರನ್ನು ಕೂರಿಸಬೇಕಾಯಿತು. ಏಪ್ರಿಲಿನಲ್ಲೊಂದು ದಿನ ಕಾವಲಿನವರನ್ನು ಬದಲಿಸಿದ್ದಕ್ಕಾಗಿ ಹಲವರು ಕಪ್ಪು ಬಟ್ಟೆ ತೊಟ್ಟು ಪ್ರತಿಭಟಿಸಿದರು. ಇಷ್ಟೆಲ್ಲ ಆದ ಮೇಲೆ ನಾಲ್ಕು ತಾಸುಗಳೊಳಗೆ ಚರ್ಚೆ ಮುಗಿಸಿ, ಆತನು ತಪ್ಪಿತಸ್ಥನಲ್ಲವೆಂದು ಹೇಳಿ ಮನೆಗೆ ಹೋದರು. ತಿಂಗಳುಗಟ್ಟಲೆ ಕೇಳಿದ್ದನ್ನು ಇಷ್ಟು ಬೇಗ ಮುಗಿಸಿದರೇ ಎಂದು ಅರ್ಧ ದೇಶ ಅವರನ್ನು ಹಳಿಯಿತು. ಆರೋಪಿಯು ಬಿಡುಗಡೆಯಾದ ದಿನವೇ ಅವರಿಗೂ ಬಿಡುಗಡೆ.

ಮುಂಬಯಿಯಲ್ಲಿ ಜ್ಯೂರಿಗೆ ಹೊರಗಿನ ಸದ್ದೇ ಭಾರವಾಯಿತು. ಲಾಸ್ ಏಂಜಲೀಸಿನಲ್ಲಿ ಸದ್ದು ಕೇಳದಂತೆ ಕಟ್ಟಿದ ಗೋಡೆಯೇ ಭಾರವಾಯಿತು. ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆಯ ಭಾರವುಂಟು. ಅಲ್ಲಿ ಜ್ಯೂರಿಯ ಕೋಣೆಯಲ್ಲಿ ನಡೆದ ಚರ್ಚೆಯನ್ನು ಹೊರಗೆ ಹೇಳುವುದು ಅಪರಾಧ. ಕೊಲೆಯ ಚಿತ್ರಗಳನ್ನು ಕಂಡು, ಮಡಿದವರ ತಾಯಂದಿರ ಅಳುವನ್ನು ಕೇಳಿ ಮನೆಗೆ ಬಂದವರು, ಕದಮುಚ್ಚಿದ ಆ ಕೋಣೆಯಲ್ಲಿ ಯಾರು ಏನೆಂದರು, ತಾನೇಕೆ ಹಾಗೆ ಹೇಳಿದೆ ಎಂಬುದನ್ನು ಕೈಹಿಡಿದವರೊಡನೆಯೂ ತೋಡಿಕೊಳ್ಳುವಂತಿಲ್ಲ.

ನಮಗೂ ಇದಕ್ಕೂ ಏನು ಸಂಬಂಧ?

ಜ್ಯೂರಿ ನಮ್ಮಲ್ಲಿ ಹೋಯಿತು. ಆದರೆ ನ್ಯಾಯದ ಭಾರ ಸಾಮಾನ್ಯರ ಹೆಗಲಿನಿಂದ ಪೂರ್ತಿ ಇಳಿದಿಲ್ಲ. ನಮ್ಮ ಊರುಗಳಲ್ಲಿ ಪೋಲೀಸರು ಮನೆ ಶೋಧಿಸುವಾಗ ಪಂಚನಾಮೆಗೆ ಸಹಿ ಹಾಕಲು ಸ್ಥಳದ ಇಬ್ಬರು ಗೌರವಸ್ಥರು ಬೇಕು. ಸಕಾರಣವಿಲ್ಲದೆ ಒಲ್ಲೆನೆಂದರೆ ಅದೂ ಅಪರಾಧವೇ. ಜೀಪು ಅಗಸೆಯೊಳಗೆ ಬಂತೆಂದರೆ ಗೌರವಸ್ಥರೆಲ್ಲ ಹೊಲದ ಹಾದಿ ಹಿಡಿಯುವುದನ್ನು ನಾವು ಕಂಡಿದ್ದೇವೆ. ಅವರನ್ನು ಹೇಡಿಗಳೆನ್ನಲು ನಮಗೆ ಬಾಯಿ ಬಾರದು. ಕೆಲಸ ಬಿಟ್ಟು ತಾಲೂಕಿನ ಕೋರ್ಟಿಗೆ ಅಲೆಯುವುದು, ವರ್ಷಗಳ ಮೇಲೆ ವಕೀಲರ ಪಾಟೀಸವಾಲಿಗೆ ಸಿಕ್ಕುವುದು, ಆರೋಪಿಯ ಮನೆಯವರೊಡನೆ ಅದೇ ಬಾವಿಯ ನೀರು ಸೇದುವುದು ಇವೆಲ್ಲ ನಿಜವಾದ ಕಷ್ಟಗಳು. ಆದರೂ ಎಲ್ಲರೂ ಹೊಲಕ್ಕೆ ಹೋದರೆ ನಿರಪರಾಧಿಯ ಪರವಾಗಿ "ಇಲ್ಲಿ ಏನೂ ಸಿಗಲಿಲ್ಲ" ಎಂದು ಹೇಳುವವರು ಯಾರು?

ಇನ್ನೊಂದು ಮಾತು. ಇಂದು ಪ್ರತಿ ಮನೆಯ ಕೈಫೋನಿನಲ್ಲಿ ಒಂದೊಂದು 'ಬ್ಲಿಟ್ಜ್' ಬಂದು ಕುಳಿತಿದೆ. ದೂರದ ನಗರದಲ್ಲೊಂದು ಕೊಲೆ ನಡೆದರೆ ಸಂಜೆಯೊಳಗೆ ಊಟದ ಪಂಕ್ತಿಯಲ್ಲಿ ತೀರ್ಪು ಸಿದ್ಧ. ಜ್ಯೂರಿಯವರು ವಾರಗಟ್ಟಲೆ ಕುಳಿತು ಸಾಕ್ಷಿಗಳ ಮುಖ ನೋಡಿ ಹೊತ್ತ ಭಾರವನ್ನು ನಾವು ಪಲ್ಯ ಬಡಿಸಿಕೊಳ್ಳುತ್ತ ಹೊರುತ್ತಿದ್ದೇವೆ. ಭಾರವೆಂದೇ ನಮಗೆ ತೋರುವುದಿಲ್ಲ. ಮಕ್ಕಳು ಕೇಳುತ್ತಿರುತ್ತಾರೆ, ಕಲಿಯುತ್ತಿರುತ್ತಾರೆ.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಕಣ್ಣಾರೆ ಕಂಡದ್ದಕ್ಕೇ ಈ ಎಚ್ಚರಿಕೆಯಾದರೆ ಕೇಳಿದ ಸುದ್ದಿಗೆ ಎಷ್ಟು ಎಚ್ಚರಿಕೆ ಬೇಕು! ಮನೆಯಲ್ಲಿ ಇಂಥ ಮಾತು ಬಂದಾಗ ತಂದೆತಾಯಿಗಳು, "ಇನ್ನೊಂದು ಪಕ್ಷದವರು ಏನು ಹೇಳುತ್ತಾರೆ, ತಮ್ಮಾ?" ಎಂಬ ಒಂದು ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟರೂ ಸಾಕು. ಮುಂದೆ ಪಂಚನಾಮೆಗೋ ಸಾಕ್ಷಿಗೋ ಅವರಿಗೆ ಕರೆ ಬಂದ ದಿನ ಆ ಅಭ್ಯಾಸವು ಅವರ ಕೈಹಿಡಿದು ನಡೆಸೀತು.