ಪ್ಯಾನಲ್ ಹೋಯಿತು, ಪುಟ ಉಳಿಯಿತು

ವೆಬ್ ಪುಟ ರಚಿಸುವ ತಂತ್ರಾಂಶವಾದ ಡ್ರೀಮ್‌ವೀವರ್‌ನಲ್ಲಿ ‘ಸರ್ವರ್ ಬಿಹೇವಿಯರ್ಸ್’ ಎಂಬ ಪುಟ್ಟ ಪ್ಯಾನಲ್ ಇತ್ತು. ಅಲ್ಲಿದ್ದ ಪ್ಲಸ್ ಗುರುತು ಒತ್ತಿ, ‘ಇನ್ಸರ್ಟ್ ರೆಕಾರ್ಡ್’ ಆರಿಸಿ, ಯಾವ ಫಾರ್ಮ್, ಯಾವ ಟೇಬಲ್ ಎಂದು ತೋರಿಸಿದರೆ ಮುಗಿಯಿತು. ಫಾರ್ಮ್‌ನಲ್ಲಿ ತುಂಬಿದ್ದನ್ನು ಡೇಟಾಬೇಸ್‌ಗೆ ಸೇರಿಸುವ ಕೋಡ್ ತಾನಾಗಿ ಪುಟದೊಳಗೆ ಬಂದು ಕೂರುತ್ತಿತ್ತು. ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೂ ವೆಬ್‌ಸೈಟ್ ಕಟ್ಟುವ ಧೈರ್ಯ ಕೊಟ್ಟದ್ದು ಆ ಪ್ಯಾನಲ್.

ಕೋಡ್ ಯಾವುದರಲ್ಲಿ ಬೇಕು ಎಂಬುದೂ ನಮ್ಮದೇ ಆಯ್ಕೆ. 2002ರ ಡ್ರೀಮ್‌ವೀವರ್ ಎಂಎಕ್ಸ್‌ನಲ್ಲಿ ಮೈಕ್ರೋಸಾಫ್ಟ್‌ನ ಎಎಸ್‌ಪಿ ಮತ್ತು ಎಎಸ್‌ಪಿ ಡಾಟ್ ನೆಟ್, ಜಾವಾ ಬಳಗದ ಜೆಎಸ್‌ಪಿ, ಮುಕ್ತ ತಂತ್ರಾಂಶವಾದ ಪಿಎಚ್‌ಪಿ, ಕೋಲ್ಡ್‌ಫ್ಯೂಷನ್ ಎಲ್ಲವೂ ಇದ್ದವು. ಇದರಲ್ಲಿ ಕೋಲ್ಡ್‌ಫ್ಯೂಷನ್ ಮಾತ್ರ ತಯಾರಕರಾದ ಮ್ಯಾಕ್ರೋಮೀಡಿಯಾದ ಸ್ವಂತದ್ದು. ಹಿಂದಿನ ವರ್ಷವಷ್ಟೇ ಅಲೇರ್ ಕಂಪನಿಯನ್ನು ಸೇರಿಸಿಕೊಂಡಾಗ ಅದರ ಕೈಗೆ ಬಂದಿತ್ತು. ಸ್ವಂತ ಸರಕಿದ್ದೂ ಎದುರಾಳಿಗಳ ಸರಕಿಗೆ ಅದೇ ಅಂಗಡಿಯಲ್ಲಿ ಜಾಗ! ಹತಾರ ಮಾರುವವರಿಗೆ ಎಲ್ಲ ಪಾಳಯದ ಗಿರಾಕಿಯೂ ಬೇಕು, ಒಪ್ಪುತ್ತೇನೆ. ಆದರೂ ಅದರಲ್ಲೊಂದು ದೊಡ್ಡ ಮನಸ್ಸಿತ್ತು.

2005ರಲ್ಲಿ ಅಡೋಬಿ ಮ್ಯಾಕ್ರೋಮೀಡಿಯಾವನ್ನು ಕೊಂಡಿತು. 2008ರ ಸಿಎಸ್4 ಆವೃತ್ತಿಯಲ್ಲಿ ಡಾಟ್ ನೆಟ್ ಮತ್ತು ಜೆಎಸ್‌ಪಿ ಬಿಹೇವಿಯರ್‌ಗಳು ಹೋದವು. ಡಾಟ್ ನೆಟ್‌ನವರಿಗೆ ವಿಷುಯಲ್ ಸ್ಟುಡಿಯೋ, ಜಾವಾದವರಿಗೆ ಎಕ್ಲಿಪ್ಸ್ ಇತ್ತು, ನಿಜ. ಆದರೆ ಅವು ಪ್ರೋಗ್ರಾಮರ್‌ಗಳ ಹತಾರ, ಪ್ಯಾನಲ್ ನೆಚ್ಚಿಕೊಂಡವರದ್ದಲ್ಲ. 2013ರ ಸಿಸಿ ಆವೃತ್ತಿಯಲ್ಲಿ ಪ್ಯಾನಲ್ಲೇ ಹೊರಬಿತ್ತು. ಬೇಕೆಂದವರು ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕಾಯಿತು.

ಪಿಎಚ್‌ಪಿ ಆರಿಸಿದವರಾದರೂ ನಿಶ್ಚಿಂತರಾಗಿದ್ದರೇ? ಪ್ಯಾನಲ್ ಬರೆದುಕೊಟ್ಟ ಪುಟಗಳು ಡೇಟಾಬೇಸ್ ಜತೆ ಮಾತಾಡಲು ‘ಮೈಎಸ್‌ಕ್ಯೂಎಲ್ ಪಿಕನೆಕ್ಟ್’ ಎಂಬ ಫಂಕ್ಷನ್ ಕರೆಯುತ್ತಿದ್ದವು. 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7 ಆ ಹಳೆಯ ಫಂಕ್ಷನ್‌ಗಳನ್ನು ಗುಂಪುಗುಂಪಾಗಿ ಕಿತ್ತುಹಾಕಿತು. ಹೋಸ್ಟಿಂಗ್‌ನವರು ಹೊಸ ಆವೃತ್ತಿಗೆ ಹೋದದ್ದೇ ತಡ, ಅಂಥ ಪುಟಗಳು ಕೆಲಸ ನಿಲ್ಲಿಸುತ್ತವೆ. ಪುಟದಲ್ಲಿ ಒಂದಕ್ಷರವನ್ನೂ ಯಾರೂ ಮುಟ್ಟಿರುವುದಿಲ್ಲ.

ದುಡ್ಡಿದ್ದವರು ಹೊಸದಾಗಿ ಬರೆಸಿಕೊಂಡಾರು. ನನ್ನ ಸಂಕಟ ಇರುವುದು ಪುಟ್ಟ ಸಂಘ, ಶಾಲೆ, ಅಂಗಡಿಗಳಿಗಾಗಿ ದುಡಿದವರ ಬಗೆಗೆ. ಕೋಡ್ ಅವರು ಬರೆದದ್ದಲ್ಲ. ತಿದ್ದು ಎಂದರೆ ಎಲ್ಲಿಂದ ಹಿಡಿಯಬೇಕು? ಬೆಂಬಲ ನಿಲ್ಲಿಸುವ ಹಕ್ಕು ಕಂಪನಿಗಿದೆ. ತಾನೇ ಬರೆದುಕೊಟ್ಟ ಕೋಡಿಗೆ ಮುಂದಿನ ದಾರಿ ತೋರಿಸುವ ಹೊಣೆಯೂ ಅದರದ್ದೇ.

ಈಗ ಅಂಥ ಫೈಲ್ ತೆರೆದರೆ ಮೇಲ್ಗಡೆಯೇ ‘ಗೆಟ್ ಎಸ್‌ಕ್ಯೂಎಲ್ ವ್ಯಾಲ್ಯೂ ಸ್ಟ್ರಿಂಗ್’ ಎಂಬ ಫಂಕ್ಷನ್ ಕಾಣುತ್ತದೆ. ಪಕ್ಕದ ಫೈಲಿನಲ್ಲೂ ಅದೇ, ಅದರಾಚೆಯದರಲ್ಲೂ ಅದೇ. ತಿದ್ದುವವರು ಒಂದೊಂದಾಗಿ ತೆರೆಯಬೇಕು.