ಚಿತ್ತಾರದ ಕಾಗದದಲ್ಲಿ ಮನೆತನದ ನೆನಪು

ಶ್ರಾವಣದ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮ ಕಡೆಯ ಹಳೆಯ ವಾಡಿಕೆ. ಜೋಕಾಲಿ, ಅಳ್ಳು, ಎಳ್ಳುಂಡಿಗಳ ಸಂಭ್ರಮದ ನಡುವೆ ಒಂದು ಮಧ್ಯಾಹ್ನ ಅಟ್ಟದ ಮೇಲಿನ ಹಳೆಯ ಟ್ರಂಕು ಕೆಳಗಿಳಿಯುವುದೂ ಉಂಟು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಟ್ರಂಕಿನ ತಳದಲ್ಲಿ ಅಂಟುಪುಟಗಳ ಆಲ್ಬಮ್ಮೊಂದಿತ್ತು. ಮೇಲಿನ ಪಾರದರ್ಶಕ ಹಾಳೆಯನ್ನು ಎತ್ತಿ, ಭಾವಚಿತ್ರವನ್ನಿಟ್ಟು ಒತ್ತಿದರೆ ತಾನಾಗಿಯೇ ಕಚ್ಚಿಕೊಳ್ಳುವ ಬಗೆಯದು ಅದು. ನಮ್ಮ ಅಜ್ಜಿಯವರ ಒಂದೇ ಒಂದು ಭಾವಚಿತ್ರ ಅದರಲ್ಲಿತ್ತು. ದೊಡ್ಡದು ಮಾಡಿಸೋಣವೆಂದು ಹಿರಿಯಕ್ಕ ಆ ಹಾಳೆಯನ್ನು ಮೆಲ್ಲನೆ ಎತ್ತಿದಾಗ, ಅಜ್ಜಿಯ ಮುಖದ ಅರ್ಧಭಾಗ ಹಾಳೆಗೇ ಅಂಟಿಕೊಂಡು ಬಂದಿತು. ಕೆಲಹೊತ್ತು ಯಾರೂ ಮಾತನಾಡಲಿಲ್ಲ.

ಅದೇ ಆಲ್ಬಮ್ಮಿನಲ್ಲಿ ಮದುವೆಯೊಂದರ ಗುಂಪುಚಿತ್ರವಿತ್ತು. ಹನ್ನೊಂದು ಜನ ಸಾಲಾಗಿ ಕುಳಿತಿದ್ದರು. ಆರು ಜನರ ಹೆಸರು ನಮಗೆ ಗೊತ್ತಿತ್ತು. ಉಳಿದ ಐವರು ಯಾರೆಂದು ಹೇಳಬಲ್ಲವರಾಗಿದ್ದ ಚಿಕ್ಕಜ್ಜಿಯವರು ಲಿಂಗೈಕ್ಯರಾಗಿ ಎರಡು ವರ್ಷ ಕಳೆದಿತ್ತು. ಅವರು ಇದ್ದಾಗ ನಾವು ಕೇಳಲಿಲ್ಲ. ಒಂದು ನೆನಪನ್ನು ಅಂಟು ತಿಂದಿತು, ಇನ್ನೊಂದನ್ನು ನಮ್ಮ ಉದಾಸೀನ ತಿಂದಿತು. ಅಂದಿನಿಂದ ಪ್ರತಿ ಪಂಚಮಿಗೆ ಎಲ್ಲರೂ ಕೂಡಿ ಮನೆತನದ ನೆನಪಿನ ಪುಸ್ತಕವನ್ನು ಮಾಡುವ ಪದ್ಧತಿಯನ್ನಿಟ್ಟುಕೊಂಡೆವು. ಆ ಅನುಭವವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಹೊರನಾಡಿನ ಹವ್ಯಾಸ, ನಮ್ಮ ಬೇರು

ಚಿತ್ತಾರದ ಕಾಗದವನ್ನು ಕತ್ತರಿಸಿ, ಅದರ ಮೇಲೆ ಭಾವಚಿತ್ರ, ಪತ್ರ, ಚೀಟಿಗಳನ್ನು ಜೋಡಿಸಿ ಬರಹ ಸೇರಿಸುವ ಹವ್ಯಾಸಕ್ಕೆ ಇಂಗ್ಲಿಷಿನವರು ಸ್ಕ್ರ್ಯಾಪ್‌ಬುಕ್ ಎನ್ನುತ್ತಾರೆ. ಅಮೆರಿಕದ ಪ್ರಸಿದ್ಧ ಲೇಖಕ ಮಾರ್ಕ್ ಟ್ವೇನ್ ಮೊದಲೇ ಅಂಟು ಸವರಿದ ಪುಟಗಳ ಪುಸ್ತಕವೊಂದನ್ನು ರೂಪಿಸಿ 1873ರಲ್ಲಿ ಪೇಟೆಂಟ್ ಪಡೆದಿದ್ದನು. ಇಂದಿನ ರೂಪದ ಈ ಹವ್ಯಾಸ ಹಬ್ಬಿದ್ದು ಮಾತ್ರ ಯೂಟಾ ರಾಜ್ಯದಿಂದ. ಅಲ್ಲಿನ ಮಾರ್ಮನ್ ಪಂಥದವರು ತಮ್ಮ ವಂಶಾವಳಿಯನ್ನು ಬರೆದಿಡುವುದನ್ನು ಧರ್ಮಕಾರ್ಯವೆಂದೇ ಭಾವಿಸುತ್ತಾರೆ. ಆ ರಾಜ್ಯದ ಗೃಹಿಣಿ ಮಾರಿಲೆನ್ ಕ್ರಿಸ್ಟೆನ್ಸನ್ ತಮ್ಮ ಕುಟುಂಬದ ನೆನಪಿನ ಸಂಪುಟಗಳನ್ನು 1980ರಲ್ಲಿ ಸಾಲ್ಟ್ ಲೇಕ್ ಸಿಟಿಯ ದಾಖಲೆಗಳ ವಿಶ್ವಸಮ್ಮೇಳನದಲ್ಲಿ ಪ್ರದರ್ಶನಕ್ಕಿಟ್ಟರು. ಅಲ್ಲಿಂದ ಮುಂದೆ ಅದಕ್ಕೆಂದೇ ಚಿತ್ತಾರದ ಕಾಗದ ಅಚ್ಚುಹಾಕುವ ದೊಡ್ಡ ಉದ್ಯಮವೇ ಬೆಳೆಯಿತು.

ಆದರೆ ಚಿತ್ತಾರದ ಕಾಗದ ನಮಗೆ ಹೊಸದೇನಲ್ಲ. 17ನೆಯ ಶತಮಾನದಲ್ಲಿ ಆದಿಲಶಾಹಿಯ ಕಾಲದ ಬಿಜಾಪುರದ ಕಲಾವಿದರು ಅಬ್ರಿ ಕಾಗದದ ಚಿತ್ರಗಳಿಗೆ ಹೆಸರಾಗಿದ್ದರು. ಅಬ್ರಿ ಎಂದರೆ ಪಾರಸಿ ಭಾಷೆಯಲ್ಲಿ ಮೋಡದಂತಿರುವುದು ಎಂದರ್ಥ. ಗಟ್ಟಿಯಾಗಿಸಿದ ನೀರಿನ ಮೇಲೆ ಬಣ್ಣದ ಹನಿಗಳನ್ನು ತೇಲಿಬಿಟ್ಟು, ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಎಳೆದು, ಮೇಲೆ ಕಾಗದವನ್ನು ಮಲಗಿಸಿ ಎತ್ತಿದರೆ ಆ ಬಣ್ಣಗಳು ಮೋಡದ ಸುರುಳಿಗಳಂತೆ ಕಾಗದಕ್ಕೆ ಇಳಿಯುತ್ತವೆ. ಅಂಗಡಿಯ ಹಳೆಯ ಖಾತೆಪುಸ್ತಕಗಳ ರಟ್ಟಿನ ಮೇಲೆ ಇಂತಹದೇ ಚಿತ್ತಾರವನ್ನು ನಮ್ಮ ಹಿರಿಯರು ಕಂಡಿದ್ದಾರೆ.

ಅದೇ ಬಿಜಾಪುರದಲ್ಲಿ ವಕೀಲರಾಗಿದ್ದ ಡಾ. ಫ.ಗು. ಹಳಕಟ್ಟಿಯವರನ್ನು ಇಲ್ಲಿ ನೆನೆಯದೆ ಮುಂದುವರಿಯಲಾಗದು. ಅವರು ಊರೂರು ಅಲೆದು ವಚನಗಳ ತಾಡೋಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆ ಓಲೆಗಳು ಎಲ್ಲಿದ್ದವು? ಮಠಗಳಲ್ಲಿದ್ದವು, ಮನೆಗಳಲ್ಲಿದ್ದವು. ಯಾರೋ ಒಬ್ಬ ತಾಯಿ, ಯಾರೋ ಒಬ್ಬ ಅಜ್ಜ ಅವನ್ನು ಬಟ್ಟೆಯಲ್ಲಿ ಸುತ್ತಿ ಕಾಯ್ದಿರದಿದ್ದರೆ ಹಳಕಟ್ಟಿಯವರ ಶ್ರಮಕ್ಕೆ ಕೈಗೆ ಸಿಗುವುದೇನಿತ್ತು? ಮನೆಯೊಳಗಿನ ಕಾಗದವನ್ನು ಜತನ ಮಾಡುವುದು ಸಣ್ಣ ಕೆಲಸವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಯಾವ ಕಾಗದ, ಯಾವ ಅಂಟು?

ನೆನಪಿನ ಪುಸ್ತಕಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಬಂದ ಲಗ್ನಪತ್ರಿಕೆಗಳ ಅಂಚು, ಉಡುಗೊರೆ ಸುತ್ತಿದ ಕಾಗದ, ಕಳೆದ ವರ್ಷದ ಕ್ಯಾಲೆಂಡರಿನ ಬಳ್ಳಿಚಿತ್ರ, ಇವೆಲ್ಲವೂ ಒದಗುತ್ತವೆ. ಆದರೆ ಒಂದು ಎಚ್ಚರವಿರಲಿ. ಸುದ್ದಿಪತ್ರಿಕೆಯ ಕಾಗದವೂ ಅಗ್ಗದ ರಟ್ಟೂ ಮರದ ತಿರುಳಿನಿಂದಾದವು; ಅವುಗಳಲ್ಲಿನ ಆಮ್ಲಾಂಶದಿಂದ ವರ್ಷಗಳುರುಳಿದಂತೆ ಹಳದಿಗಟ್ಟಿ ಪುಡಿಯಾಗುವುದಲ್ಲದೆ ಪಕ್ಕದ ಚಿತ್ರವನ್ನೂ ಕೆಡಿಸುತ್ತವೆ. ಆದ್ದರಿಂದ ಪುಟದ ಹಾಳೆಯಾದರೂ ಒಳ್ಳೆಯದಿರಬೇಕು. ಹತ್ತಿಬಟ್ಟೆಯ ಚಿಂದಿಯಿಂದ ಮಾಡಿದ ಕೈಕಾಗದ ಬಹುಕಾಲ ಬಾಳುತ್ತದೆ. ಜಯಪುರದ ಬಳಿಯ ಸಾಂಗಾನೇರಿನಲ್ಲಿಯೂ, 1959ರಿಂದ ಪುದುಚೇರಿಯ ಅರವಿಂದಾಶ್ರಮದ ಕಾರ್ಖಾನೆಯಲ್ಲಿಯೂ ಇಂತಹ ಕಾಗದ ತಯಾರಾಗುತ್ತಿದೆ.

ಚಿತ್ತಾರಗಳನ್ನು ಕೂಡಿಸುವಲ್ಲಿ ಸೀರೆ-ಕುಪ್ಪಸದ ನ್ಯಾಯವೇ ಸಾಕು. ದೊಡ್ಡ ಹೂವಿನ ಕಾಗದ ಒಂದು, ಸಣ್ಣ ಚುಕ್ಕಿ ಅಥವಾ ಗೆರೆಯ ಕಾಗದ ಒಂದು, ಬರಿಯ ಬಣ್ಣದ್ದು ಒಂದು. ಒಂದು ಪುಟಕ್ಕೆ ಈ ಮೂರಕ್ಕಿಂತ ಹೆಚ್ಚು ಬೇಡ. 12 ಅಂಗುಲ ಉದ್ದ, 9 ಅಂಗುಲ ಅಗಲದ ಹಾಳೆಯಾದರೆ ಸುತ್ತಲೂ 1 ಅಂಗುಲದ ಚಿತ್ತಾರದ ಅಂಚು ಹಚ್ಚಿ, ನಡುವೆ ಬರಿಯ ಬಣ್ಣದ ಕಾಗದವನ್ನಿಟ್ಟು, ಅದರ ಮೇಲೆ ಚಿತ್ರವನ್ನು ಕೂಡಿಸಬೇಕು. ಪುಟದ ಮೂರನೆಯ ಒಂದು ಭಾಗವನ್ನು ಬರಹಕ್ಕೆಂದೇ ಬಿಡಬೇಕು.

ಅಲಂಕಾರದ ಕಾಗದವನ್ನು ಹಚ್ಚಲು ಮೈದಾಹಿಟ್ಟಿನ ತೆಳು ಅಂಟು ಸಾಕು. ತೆಳುವಾಗಿ ಸವರಿ, ಮೇಲೊಂದು ಬಿಳಿಹಾಳೆಯನ್ನಿಟ್ಟು, ಭಾರ ಹೇರಿ ರಾತ್ರಿಯಿಡೀ ಒಣಗಿಸಿದರೆ ಸುಕ್ಕು ಬಾರದು. ಹುಳು ಬೀಳದಿರಲೆಂದು ರಟ್ಟು ಕಟ್ಟುವವರು ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಅದು ವಿಷವಾದ್ದರಿಂದ ಮಕ್ಕಳು ಕೂಡಿ ಮಾಡುವ ಕೆಲಸದಲ್ಲಿ ಬೇಡ. ಭಾವಚಿತ್ರಕ್ಕೆ ಮಾತ್ರ ಯಾವ ಅಂಟನ್ನೂ ತಾಗಿಸಬಾರದು. ಒಳ್ಳೆಯ ಕಾಗದದಿಂದ ನಾಲ್ಕು ಸಣ್ಣ ತ್ರಿಕೋನ ಚೀಲಗಳನ್ನು ಮಡಿಸಿ ಪುಟಕ್ಕೆ ಅಂಟಿಸಿ, ಚಿತ್ರದ ನಾಲ್ಕು ಮೂಲೆಗಳನ್ನು ಅವುಗಳೊಳಗೆ ಸೇರಿಸಬೇಕು. ಬೇಕೆಂದಾಗ ಚಿತ್ರ ಹಾನಿಯಿಲ್ಲದೆ ಹೊರಬರುತ್ತದೆ.

ಅಂಟುಪುಟಗಳ ಹಳೆಯ ಆಲ್ಬಮ್ಮು ಮನೆಯಲ್ಲಿದ್ದವರಿಗೆ ಒಂದು ಮಾತು. ಮೊದಲು ಪುಟವಿದ್ದಂತೆಯೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿರಿ. ಹಿಂಬದಿ ಮಾತ್ರ ಅಂಟಿದ್ದರೆ ತೆಳುವಾದ ರೇಷ್ಮೆಯ ಎಳೆಯನ್ನು ಚಿತ್ರದ ಕೆಳಗೆ ತೂರಿಸಿ ಗರಗಸದಂತೆ ಮೆಲ್ಲಗೆ ಆಡಿಸುತ್ತ ಬಿಡಿಸಬಹುದು. ಮುಂಬದಿ ಅಂಟಿದ್ದರೆ ಎಳೆಯಲೇಬಾರದು. ಹಾಗೆಯೇ ಬಿಡುವುದು ಲೇಸು. ಇದನ್ನು ನಾವು ಅಜ್ಜಿಯ ಮುಖವನ್ನು ಕಳೆದುಕೊಂಡ ಮೇಲೆ ಕಲಿತೆವು.

ಹೆಸರಿಲ್ಲದ ಚಿತ್ರ ಚಿತ್ರವಲ್ಲ

ಅಂಚು ಎಷ್ಟೇ ಸೊಗಸಾಗಿರಲಿ, ಚಿತ್ರದಲ್ಲಿರುವವರು ಯಾರು, ಎಲ್ಲಿ, ಯಾವ ವರ್ಷ ಎಂಬುದನ್ನು ಬರೆಯದಿದ್ದರೆ ಎರಡು ತಲೆಮಾರುಗಳ ನಂತರ ಅದು ಅಪರಿಚಿತರ ಗುಂಪು. ಚಿತ್ರದ ಹಿಂದೆ ಮೆದುವಾದ ಪೆನ್ಸಿಲಿನಿಂದ ಹಗುರವಾಗಿ ಬರೆಯಬೇಕು. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ.

ಪುಸ್ತಕದಲ್ಲಿ ಏನೇನಿರಬೇಕು? ಮಗುವಿನ ಲಿಂಗಧಾರಣೆಯ ದಿನದ ಚಿತ್ರವಿರಲಿ. ಅಜ್ಜ ಕೈಯಾರೆ ವಚನ ಬರೆದುಕೊಂಡ ನೋಟುಪುಸ್ತಕದ ಒಂದು ಹಾಳೆಯಿರಲಿ. ಉಚಿತ ಪ್ರಸಾದ ನಿಲಯದಲ್ಲಿ ಓದುತ್ತಿದ್ದ ಕಾಕಾ ಮನೆಗೆ ಬರೆದ ಅಂಚೆಕಾರ್ಡು, ಜಾತ್ರೆಯ ದಾಸೋಹಕ್ಕೆ ಕೊಟ್ಟ ಜೋಳದ ಚೀಲಗಳ ರಸೀದಿ, ಅಮ್ಮ ಹೇಳಿಕೊಟ್ಟ ಹೋಳಿಗೆಯ ಅಳತೆ, ಇವೂ ಇರಲಿ. ಹಿರಿಯರು ಹೇಳುತ್ತ ಹೋಗಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಮೂಲಪತ್ರ ಒಂದೇ ಇದ್ದರೆ ಅದನ್ನು ಕತ್ತರಿಸದೆ ನಕಲು ತೆಗೆಸಿ ಹಚ್ಚುವುದು ಉತ್ತಮ. ಇಂದು ಸಾವಿರಾರು ಚಿತ್ರಗಳು ಮೊಬೈಲಿನಲ್ಲಿಯೇ ಉಳಿದು ಅದರೊಡನೆಯೇ ಹಾಳಾಗುತ್ತವೆ. ವರ್ಷಕ್ಕೆ ಹತ್ತನ್ನಾದರೂ ಆರಿಸಿ ಅಚ್ಚುಹಾಕಿಸೋಣ.

ಮುಗಿದ ಪುಸ್ತಕವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಬೇವಿನ ಒಣ ಎಲೆಯನ್ನಿಟ್ಟು, ನೆಲಕ್ಕೂ ಮಳೆಗೆ ನೆನೆಯುವ ಗೋಡೆಗೂ ತಾಗದಂತೆ ಇಡಬೇಕು. ಮಳೆಗಾಲ ಕಳೆದ ಮೇಲೊಮ್ಮೆ ನೆರಳಿನಲ್ಲಿ ಬಿಚ್ಚಿ ಗಾಳಿಯಾಡಿಸಬೇಕು.

ಉಳಿದ ತುಣುಕಿನಿಂದ ಮನೆಯ ಅಲಂಕಾರ

ಪುಟಗಳಿಗೆ ಕತ್ತರಿಸಿ ಉಳಿದ ತುಣುಕುಗಳೂ ವ್ಯರ್ಥವಲ್ಲ. ತ್ರಿಕೋನವಾಗಿ ಕತ್ತರಿಸಿ ಸುತಳಿಗೆ ಹಚ್ಚಿದರೆ ಬಸವ ಜಯಂತಿಗೆ ಪಡಸಾಲೆಯ ತುಂಬ ಪರಪರಿ ಸಿದ್ಧವಾಗುತ್ತದೆ. ಬಿದಿರುಕಡ್ಡಿಯ ಚೌಕಟ್ಟಿಗೆ ಅಂಟಿಸಿದರೆ ದೀಪಾವಳಿಯ ಆಕಾಶಬುಟ್ಟಿ. ಒಳಗೆ ಬಿಸಿಯಾಗದ ಎಲ್‌ಇಡಿ ದೀಪವನ್ನೇ ಇಡಬೇಕು. ಬಸವಣ್ಣನವರ ಭಾವಚಿತ್ರದ ಹಿಂದೆ ಕಾಗದದ ಕಮಾನನ್ನು ಮಕ್ಕಳೇ ಕತ್ತರಿಸಬಲ್ಲರು. ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಅದರ ಸ್ಥಾನಕ್ಕೆ ಮನೆಯ ಕಾಗದವೇ ಬರುವುದು ಸಹಜವೂ ಹೌದು, ಮಿತವ್ಯಯವೂ ಹೌದು. ಇದ್ದುದನ್ನು ಪೋಲು ಮಾಡದೆ ಕೈಯಿಂದ ದುಡಿದು ಎಲ್ಲರೊಡನೆ ಹಂಚಿಕೊಳ್ಳುವುದು ಶರಣರು ಹಾಕಿಕೊಟ್ಟ ದಾರಿಯೇ ಅಲ್ಲವೆ?

ನಮ್ಮ ಪುಸ್ತಕದ ಮೊದಲ ಪುಟ ಅಜ್ಜಿಯದು. ಉಳಿದ ಅರ್ಧಮುಖದ ಚಿತ್ರವನ್ನೇ ಅಲ್ಲಿಟ್ಟಿದ್ದೇವೆ. ಸುತ್ತಲೂ ಇಳಕಲ್ಲ ಸೀರೆಯ ಅಂಚನ್ನು ಹೋಲುವ ಕೆಂಪು ಕಾಗದವಿದೆ. ಕಳೆದುಹೋದ ಮುಖ ಹೇಗಿತ್ತೆಂಬುದನ್ನು ಹಿರಿಯಕ್ಕ ನೆನಪಿನಿಂದ ಕೆಳಗೆ ಬರೆದಿದ್ದಾಳೆ: ಹಣೆಯ ತುಂಬ ವಿಭೂತಿ, ಬಲಗೆನ್ನೆಯ ಮೇಲೊಂದು ಮಚ್ಚೆ, ನಕ್ಕರೆ ಮುಚ್ಚಿಹೋಗುವ ಕಣ್ಣು. ಎರಡನೆಯ ಪುಟದಲ್ಲಿ ಮದುವೆಯ ಗುಂಪುಚಿತ್ರವಿದೆ. ಅದರ ಕೆಳಗೆ ಹನ್ನೊಂದು ಗೆರೆಗಳನ್ನೆಳೆದು ಐದನ್ನು ಖಾಲಿ ಬಿಟ್ಟಿದ್ದೆವು. ಕಳೆದ ಪಂಚಮಿಗೆ ಬಂದ ಹಿರಿಯ ಬಂಧುವೊಬ್ಬರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, ಎಡಗಡೆಯಿಂದ ಮೂರನೆಯವರು ತಮ್ಮ ಸೋದರಮಾವನೆಂದು ಗುರುತಿಸಿದರು. ಈಗ ನಾಲ್ಕು ಗೆರೆಗಳು ಉಳಿದಿವೆ.

ತಮ್ಮ ಮನೆಯಲ್ಲಿಯೂ ಇಂತಹ ಖಾಲಿ ಗೆರೆಗಳು ಇರಬಹುದು. ತುಂಬಬಲ್ಲ ಹಿರಿಯರು ಇನ್ನೂ ಪಡಸಾಲೆಯಲ್ಲಿ ಕುಳಿತಿದ್ದರೆ, ಈ ಹಬ್ಬಕ್ಕೇ ಅವರ ಬಳಿಗೆ ಚಿತ್ರವನ್ನು ಒಯ್ದು ಕೇಳಿರಿ.